ಮೊಣಕಾಲವರೆಗಿನ ಬಿಗಿ ಕಾಲುಚೀಲ: ಸೀರೆ ಕೌಂಟರಿನಲ್ಲಿ ಏಳು ತಿಂಗಳು ಹಾಕಿಕೊಂಡವಳ ಅನಿಸಿಕೆ

ವಸ್ತು: ವೆರಿಕೋಸ್ ವೇನ್ಸ್‌ಗೆ, ಅಂದ್ರೆ ಕಾಲಿನ ರಕ್ತನಾಳ ಊದಿ ಎದ್ದು ಕಾಣೋ ತೊಂದರೆಗೆ, ಹಾಕೋ ಸ್ಟಾಕಿಂಗ್ಸ್. ಬಿಗಿಯಲ್ಲಿ ಕ್ಲಾಸ್ 2, ಮೊಣಕಾಲವರೆಗೆ ಬರೋದು, ಬೆರಳಿನ ಕಡೆ ತೆರೆದಿರೋದು, ಮೈ ಬಣ್ಣದ್ದು. ಒಂದು ಜೊತೆಗೆ 1,450 ರೂಪಾಯಿ. 2025ರ ಮಾರ್ಚ್‌ನಲ್ಲಿ ದಾವಣಗೆರೆಯ ಒಂದು ಸರ್ಜಿಕಲ್ ಅಂಗಡಿಯಲ್ಲಿ ತಗೊಂಡೆ. ಐದಕ್ಕೆ ಮೂರೂವರೆ ಸ್ಟಾರ್.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಊರಿನ ಒಂದು ದೊಡ್ಡ ಬಟ್ಟೆ ಶೋರೂಮಿನ ಎರಡನೇ ಮಹಡಿಯಲ್ಲಿ ರೇಷ್ಮೆ ಸೀರೆ ತೋರಿಸ್ತಿದ್ದೋಳು. ಬೆಳಿಗ್ಗೆ ಒಂಬತ್ತೂವರೆಗೆ ಥಂಬ್ ಕೊಟ್ಟು ಒಳಗೆ ಹೋದ್ರೆ ರಾತ್ರಿ ಒಂಬತ್ತಕ್ಕೆ ಥಂಬ್ ಕೊಟ್ಟು ಹೊರಗೆ. ಮಧ್ಯೆ ಊಟಕ್ಕೆ ಅರ್ಧ ಗಂಟೆ. ದಿನದಲ್ಲಿ ಕೂರೋದು ಅಂದ್ರೆ ಆ ಅರ್ಧ ಗಂಟೆ ಮಾತ್ರ, ಉಳಿದ ಹನ್ನೊಂದು ಗಂಟೆ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತಿರಬೇಕು. ಚಪ್ಪಲಿ ಕೆಳಗೆ ಬಿಟ್ಟು ಬರಬೇಕು. ಲಕ್ಷ್ಮಿ ಇರೋ ಜಾಗ ಅಂತ.

"ಏಸಿ ಒಳಗೆ ನಿಂತ್ಕಣೋ ಕೆಲಸ, ಅದಕ್ಕೇನು ಕಷ್ಟ ಐತವ್ವಾ?" ಅಂತ ನಮ್ಮ ಓಣಿಯ ಅಜ್ಜಿಯೊಬ್ಬರು ಕೇಳ್ತಿದ್ರು. ಅವರ ಮಗ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ದುಡಿಯೋನು. ಅವರಿಗೆ ನಾನೇನು ಉತ್ತರ ಕೊಡ್ಲಿ? ಹೋಲಿಸಿ ನೋಡಿದ್ರೆ ನನ್ನದು ರಾಣಿ ಕೆಲಸವೇ. ಆದ್ರೆ ನಡೆಯೋದು ಬೇರೆ, ನಿಲ್ಲೋದು ಬೇರೆ. ನಡೆದಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನ ಮೇಲಕ್ಕೆ ತಳ್ಳುತ್ತೆ. ಒಂದೇ ಕಡೆ ನಿಂತಾಗ ಹಿಂಡೋಕೆ ಯಾರೂ ಇಲ್ಲ, ರಕ್ತ ಕಾಲಲ್ಲೇ ನಿಲ್ಲುತ್ತೆ, ರಕ್ತನಾಳದೊಳಗಿನ ಕವಾಟಗಳು ಸೋತು ಹೋಗ್ತವೆ. ಇದನ್ನೆಲ್ಲ ನನಗೆ ಹೇಳಿದ್ದು ನಿಟ್ಟುವಳ್ಳಿ ಇಎಸ್‌ಐ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು. ಎಡಗಾಲಿನ ಹಿಂದೆ ಎರೆಹುಳದ ಹಾಗೆ ನೀಲಿ ನರ ಎದ್ದು ಆಗಲೇ ಒಂದೂವರೆ ವರ್ಷ ಆಗಿತ್ತು. ಅಮ್ಮ ಹೇಳಿದಂತೆ ಹರಳೆಣ್ಣೆ ತಿಕ್ಕಿ ತಿಕ್ಕಿ ಹಾಸಿಗೆಗೆ ಎಣ್ಣೆ ಹಿಡಿಸಿದ್ದೇ ಬಂತು.

ಡಾಕ್ಟರು ಚೀಟಿ ಬರೆದುಕೊಟ್ಟು, "ಇದು ವಾಸಿ ಮಾಡಲ್ಲಮ್ಮ, ಹೆಚ್ಚಾಗದ ಹಾಗೆ ತಡೆಯುತ್ತೆ ಅಷ್ಟೇ. ನಿಲ್ಲೋದು ಕಡಿಮೆ ಮಾಡಿ" ಅಂದ್ರು. "ನಿಲ್ಲೋದು ನಿಲ್ಲಿಸಿದ್ರೆ ಸಂಬಳಾನೂ ನಿಲ್ಲುತ್ತೆ ಡಾಕ್ಟ್ರೇ" ಅಂದೆ. ನಕ್ಕರು. ನಾನೂ ನಕ್ಕೆ. ಹಿಂದೆ ಸಾಲಿನಲ್ಲಿ ನಿಂತಿದ್ದೋರು ಯಾರೂ ನಗಲಿಲ್ಲ.

ಈಗ ಕಾಲುಚೀಲದ ವಿಷಯಕ್ಕೆ ಬರ್ತೀನಿ.

ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ 399 ರೂಪಾಯಿದು ಒಂದು ತರಿಸಿದ್ದೆ. ಅದು ಬರೀ ಎಲಾಸ್ಟಿಕ್ ಚೀಲ, ಮೇಲೂ ಕೆಳಗೂ ಒಂದೇ ಬಿಗಿ. ಸರಿಯಾದ ಸ್ಟಾಕಿಂಗ್ಸ್‌ನಲ್ಲಿ ಪಾದದ ಗಂಟಿನ ಹತ್ತಿರ ಬಿಗಿ ಜಾಸ್ತಿ, ಮೇಲೆ ಹೋಗ್ತಾ ಸಡಿಲ. ಡಬ್ಬಿ ಮೇಲೆ ಎಷ್ಟು ಒತ್ತಡ ಅಂತ ಬರೆದಿರಬೇಕು. ನನ್ನದರ ಮೇಲೆ 23ರಿಂದ 32 ಅಂತಿತ್ತು, ಬಿ.ಪಿ. ಅಳೆಯೋ ಅದೇ ಪಾದರಸದ ಲೆಕ್ಕ. ಅಂಕಿ ಇಲ್ಲದ ಡಬ್ಬಿ ಕೈಗೆ ಬಂದ್ರೆ ವಾಪಸ್ ಇಟ್ಟುಬಿಡಿ.

ಸರ್ಜಿಕಲ್ ಅಂಗಡಿಯ ಹುಡುಗ ಒಳ್ಳೇನು. ಸಂಜೆ ಹೋಗಿದ್ದೆ, "ಈಗ ಅಳತೆ ತಗೊಂಡ್ರೆ ತಪ್ಪಾಗುತ್ತೆ ಅಕ್ಕಾ, ಕಾಲು ಊದಿರುತ್ತೆ, ಬೆಳಿಗ್ಗೆ ಎದ್ದ ಕೂಡಲೇ ಅಳೆದು ಬರ್ಕೊಂಡು ಬನ್ನಿ" ಅಂತ ವ್ಯಾಪಾರ ಬಿಟ್ಟು ಕಳಿಸಿದ. ಗಿರಾಕಿನ ಖಾಲಿ ಕೈಲಿ ಕಳಿಸೋದು ನಮ್ಮ ಶೋರೂಮಿನಲ್ಲಿ ಮಹಾಪಾಪ. ಅಂಥದ್ದಕ್ಕೆ ಅಂತಲೇ ಒಂದು ಪುಸ್ತಕ ಇತ್ತು: ಯಾವ ಗಿರಾಕಿ ಏನೂ ತಗೊಳ್ಳದೆ ಹೋದ್ರು, ಯಾಕೆ ಹೋದ್ರು, ನೀನು ಎಷ್ಟು ಸೀರೆ ತೋರಿಸ್ದೆ. ಮರುದಿನ ಬೆಳಿಗ್ಗೆ ಪೂಜೆ ಆದಮೇಲೆ ಸೂಪರ್‌ವೈಸರ್ ಅದನ್ನ ಎಲ್ಲರ ಮುಂದೆ ಗಟ್ಟಿಯಾಗಿ ಓದೋನು. ಬರೀ ನೋಡೋಕೆ ಬಂದೋರು ಅರವತ್ತು ಸೀರೆ ಬಿಚ್ಚಿಸಿ, ಕೊನೆಗೆ "ಇರ್ಲಿ, ಮತ್ತೆ ಬರ್ತೀವಿ" ಅಂತ ಹೋದ್ರೆ ಅದರಲ್ಲಿ ನನ್ನ ತಪ್ಪು ಏನು ಬರೀಬೇಕು? "ಬಣ್ಣ ಹಿಡಿಸಲಿಲ್ಲ" ಅಂತ ಬರೀತಿದ್ದೆ. ಐದು ವರ್ಷದಲ್ಲಿ ನಾನು ಬರೆದ ಅತಿ ದೊಡ್ಡ ಸಾಹಿತ್ಯ ಅದೇ.

ಹಾಕೋ ಕಷ್ಟ ಮೊದಲ ವಾರ ಅಳು ತರಿಸುತ್ತೆ. ಬೆಳಿಗ್ಗೆ ಹಾಸಿಗೆಯಿಂದ ಇಳಿಯೋಕೆ ಮುಂಚೆ ಹಾಕಬೇಕು. ಹಿಮ್ಮಡಿವರೆಗೆ ಒಳಮೈ ಹೊರಗೆ ಮಾಡಿ, ಪಾದ ತೂರಿಸಿ, ಸ್ವಲ್ಪ ಸ್ವಲ್ಪವೇ ಮೇಲೆ ಏರಿಸಬೇಕು. ಬರಿಗೈಲಿ ಆಗಲ್ಲ, ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಳ್ಳಿ. ನನಗೆ ಉಪಯೋಗಕ್ಕೆ ಬಂದ ಇನ್ನೊಂದು ಉಪಾಯ: ಕಾಲಿಗೆ ಮೊದಲು ತೆಳ್ಳನೆ ಪ್ಲಾಸ್ಟಿಕ್ ಕವರ್ ಹಾಕಿ, ಅದರ ಮೇಲೆ ಸ್ಟಾಕಿಂಗ್ಸ್ ಜಾರಿಸಿ, ಆಮೇಲೆ ಬೆರಳಿನ ಕಡೆಯಿಂದ ಕವರ್ ಎಳ್ಕೊಳ್ಳೋದು. ಬೆರಳು ತೆರೆದಿರೋದ್ರಲ್ಲಿ ಮಾತ್ರ ಇದು ನಡೆಯುತ್ತೆ.

ಕಾಲುಂಗುರ ಇರೋರು ಹುಷಾರು. ನನ್ನ ಬಲಗಾಲಿನ ಉಂಗುರದ ಚೂಪಿಗೆ ಸಿಕ್ಕಿ ಎರಡನೇ ದಿನವೇ ಒಂದು ಎಳೆ ಎದ್ದಿತು. 1,450 ರೂಪಾಯಿ! ಅವತ್ತೇ ಅಕ್ಕಸಾಲಿಗರ ಹತ್ತಿರ ಹೋಗಿ ಉಂಗುರದ ಅಂಚು ಉಜ್ಜಿಸಿಕೊಂಡು ಬಂದೆ. ಗೆಜ್ಜೆ ತೆಗೆದಿಟ್ಟೆ. ಈ ವಸ್ತು ಮಾಡೋರು ಕಾಲುಂಗುರ ಹಾಕಿರೋ ಕಾಲನ್ನ ಕಂಡೇ ಇಲ್ಲವೇನೋ ಅನ್ನಿಸುತ್ತೆ. ಇದಕ್ಕೆ ಅರ್ಧ ಸ್ಟಾರ್ ಕಳೀತೀನಿ.

ಕೆಲಸ ಮಾಡುತ್ತಾ ಅಂದ್ರೆ, ಮಾಡುತ್ತೆ. ಮ್ಯಾಚಿಂಗ್ ಸೆಂಟರಿನ ಟೇಪ್ ತಗೊಂಡು ಹತ್ತು ದಿನ ಅಳೆದೆ. ಹಾಕೋಕೆ ಮುಂಚೆ ನನ್ನ ಎಡ ಪಾದದ ಗಂಟು ಬೆಳಿಗ್ಗೆ 23 ಸೆಂಟಿಮೀಟರ್, ರಾತ್ರಿ ಇಪ್ಪತ್ತೈದೂವರೆ. ಹಾಕಿದ ಮೇಲೆ ರಾತ್ರಿ ಇಪ್ಪತ್ಮೂರೂವರೆ. ರಾತ್ರಿ ಕಾಲು ಹಿಡ್ಕೊಂಡು ಏಳೋದು ನಿಂತಿತು. ಆಷಾಢ ಸೇಲ್ ಬಂದಾಗ ನಿಜವಾದ ಪರೀಕ್ಷೆ. ಆ ತಿಂಗಳು ಮದುವೆ ಇಲ್ಲ, ಜವಳಿ ತೆಗೆಯೋರು ಇಲ್ಲ ಅಂತ ಡಿಸ್ಕೌಂಟ್ ಹಾಕ್ತಾರೆ, ಜನ ಜಾತ್ರೆಗೆ ಬಂದ ಹಾಗೆ ಬರ್ತಾರೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದೆಲ್ಲ ಬಂದು ಮೆಟ್ಟಿಲ ಮೇಲೆಲ್ಲ ಕೂತಿರ್ತಾರೆ. ಅವರು ಕೂತಿರ್ತಾರೆ! ಆ ತಿಂಗಳೂ ನನ್ನ ಕಾಲು ತಡ್ಕೊಂಡಿತು.

ಆದ್ರೆ ಸೊಂಟದ ನೋವಿಗೆ ಇದು ಏನೂ ಮಾಡಲ್ಲ, ಹಿಮ್ಮಡಿ ನೋವಿಗೂ ಇಲ್ಲ. ಕರೆಂಟ್ ಹೋದಾಗ ಜನರೇಟರ್ ಬರೀ ದೀಪಕ್ಕೆ, ಏಸಿಗಲ್ಲ. ಏಪ್ರಿಲ್ ಸೆಕೆಯಲ್ಲಿ ಒಳಗೆ ಬೆವರು ಕಟ್ಟಿ ತುರಿಕೆ. ಮೇಲಿನ ಪಟ್ಟಿ ಸುರುಳಿ ಸುತ್ತಿಕೊಂಡ್ರೆ ಮೊಣಕಾಲಿನ ಕೆಳಗೆ ದಾರ ಕಟ್ಟಿದ ಹಾಗೆ ಕುಯ್ಯುತ್ತೆ, ಅದನ್ನ ಆಗಾಗ ಸರಿ ಮಾಡ್ಕೋಬೇಕು. ಸೀರೆ ಸ್ವಲ್ಪ ಎತ್ತಿ ಸರಿ ಮಾಡ್ಕೋಬೇಕಾದ್ರೆ ಬಾತ್‌ರೂಮಿಗೆ ಹೋಗಬೇಕು, ಬಾತ್‌ರೂಮಿಗೆ ಹೋಗ್ಬೇಕಾದ್ರೆ ಕೇಳ್ಬೇಕು. ಕೇಳೋದು ಬೇಡ ಅಂತಲೇ ನಾವು ನೀರು ಕಡಿಮೆ ಕುಡೀತಿದ್ವಿ. ಒಗೆಯೋದು ಸುಲಭ: ಮೆತ್ತಗಿನ ಸೋಪು, ಕೈಲಿ ಹಿಸುಕಬೇಕು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಕಾಲಿಗೆ ಎಣ್ಣೆ ಹಚ್ಚಿ ಹಾಕಿದ್ರೆ ಎಲಾಸ್ಟಿಕ್ ಬೇಗ ಹಾಳು. ನನ್ನ ಮೊದಲ ಜೊತೆ ಐದು ತಿಂಗಳಿಗೆ ಸಡಿಲ ಆಯ್ತು, ಆಗಸ್ಟ್‌ನಲ್ಲಿ ಇನ್ನೊಂದು ತಗೊಂಡೆ. ಬಾಳಿಕೆಗೆ ಇನ್ನೊಂದು ಅರ್ಧ ಸ್ಟಾರ್ ಹೋಯ್ತು. ನಮ್ಮತ್ತೆ "ನಂಗೂ ಒಂದು ತಾ" ಅಂದ್ರು. ಅವರಿಗೆ ಸಕ್ಕರೆ ಕಾಯಿಲೆ. ಕಾಲಿಗೆ ರಕ್ತ ಇಳಿಯೋದೇ ಕಡಿಮೆ ಇರೋರು ಇದನ್ನ ಹಾಕಿದ್ರೆ ಅಪಾಯ, ಡಾಕ್ಟರು ಪಾದದ ನಾಡಿ ನೋಡಿ ಬೇಡ ಅಂದ್ರು. ಕೇಳದೆ ಯಾರೂ ತಗೋಬೇಡಿ.

ಇಷ್ಟೊಂದು ದುಡ್ಡು ಕೊಟ್ಟು ಕಾಲುಚೀಲ ತಗೊಳ್ಳೋ ಬದಲು ಕೆಲಸ ಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಮ್ಮನೆಯೋರೂ ಕೇಳಿದ್ರು. ಬಿಡೋದನ್ನ ನಾನು ಮನಸ್ಸಲ್ಲಿ ಎಷ್ಟು ಸಲ ಬಿಟ್ಟಿದ್ದೆನೋ ಲೆಕ್ಕ ಇಲ್ಲ. ಐದು ನಿಮಿಷ ತಡ ಆದ್ರೆ ಅರ್ಧ ದಿನ ಕಟ್ ಅಂದಾಗ ಬಿಟ್ಟೆ. ಗಿರಾಕಿಯೊಬ್ಬಳು ಸೀರೆ ಮುಖದ ಮೇಲೆ ಎಸೆದಾಗ ಬಿಟ್ಟೆ, ಮಗಳ ಜ್ವರಕ್ಕೆ ರಜಾ ಕೇಳಿದಾಗ "ಸೀಸನ್‌ನಲ್ಲೇ ಬರುತ್ತಾ ಜ್ವರ?" ಅಂದಾಗಲೂ ಬಿಟ್ಟೆ. ಮರುದಿನ ಒಂಬತ್ತೂವರೆಗೆ ಥಂಬ್ ಕೊಟ್ಟೆ. ಸಿಟ್ಟಲ್ಲಿ ಬಿಟ್ಟ ಕೆಲಸಕ್ಕೆ ತಿಂಗಳ ಕೊನೆಯಲ್ಲಿ ರೇಷನ್ ಯಾರು ತರ್ತಾರೆ? ಯಜಮಾನರು ಟಾಟಾ ಏಸ್ ಓಡಿಸ್ತಾರೆ, ಎಪಿಎಂಸಿಗೆ ಮೆಕ್ಕೆಜೋಳ ಬರೋ ಕಾಲದಲ್ಲಿ ದುಡ್ಡು, ಉಳಿದ ಕಾಲದಲ್ಲಿ ಡೀಸೆಲ್ ಸಾಲ. ಮಗಳು ಪಿಯುಸಿ.

ನನ್ನ ಸಂಬಳ 13,500 ಇತ್ತು. ಪಿಎಫ್ 12 ಪರ್ಸೆಂಟ್ ಅಂದ್ರೆ 1,620, ಇಎಸ್‌ಐಗೆ 102, ಕೈಗೆ 11,778. ತಿಂಗಳಿಗೆ 26 ದಿನ, ದಿನಕ್ಕೆ 11 ಗಂಟೆ. ಗಂಟೆಗೆ 41 ರೂಪಾಯಿ ಚಿಲ್ಲರೆ. ಕರ್ನಾಟಕದ ಅಂಗಡಿ ಮುಂಗಟ್ಟುಗಳ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಇದೆ, ಮೀರಿದ್ರೆ ದುಪ್ಪಟ್ಟು ಕೂಲಿ. ಇದನ್ನ ಮಗಳು ಮೊಬೈಲಲ್ಲಿ ಓದಿ ಹೇಳಿದಾಗ ನನಗೆ ಸಿಟ್ಟು ಬಂದಿದ್ದು ಅಂಗಡಿ ಮೇಲಲ್ಲ, ಅವಳ ಮೇಲೆ. ಗೊತ್ತಿಲ್ಲದಿದ್ರೆ ಆರಾಮಾಗಿ ಇರ್ತಿದ್ದೆ.

ಬಿಡಬೇಡ ಅಂದೋರು ಮಾವ. ಅವರು ಕಾಟನ್ ಮಿಲ್ಲಿನಲ್ಲಿ ಇದ್ದೋರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲದ ಮನುಷ್ಯ, ಮಿಲ್ಲು ಮುಚ್ಚಿದ ಮೇಲೆ ಬರಬೇಕಾದ ದುಡ್ಡಿಗೆ ವರ್ಷಗಟ್ಟಲೆ ಅಲೆದೋರು. ಮಾರ್ಚ್‌ನಲ್ಲಿ ನಾನು ಕಾಲು ತೋರಿಸಿ ಅತ್ತಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೇರಿದ್ದು ಯಾವತ್ತವ್ವಾ?" 2020ರ ಅಕ್ಟೋಬರ್ 1. ಮಾವ ಕ್ಯಾಲೆಂಡರ್ ಹಿಂದೆ ಪೆನ್ಸಿಲ್ಲಲ್ಲಿ ಲೆಕ್ಕ ಹಾಕಿದ್ರು. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಇರೋ ಅಂಗಡಿ, ಐದು ವರ್ಷ ತುಂಬಿದ್ರೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು. ಕೊನೇ ಸಂಬಳ ಭಾಗಿಸು 26, ಗುಣಿಸು 15, ಗುಣಿಸು 5. ಬಂದಿದ್ದು 38,942 ರೂಪಾಯಿ. "ಇನ್ನು ಏಳು ತಿಂಗಳು. ಈಗ ಬಿಟ್ರೆ ಇದು ಅವರ ಗಲ್ಲಾಪೆಟ್ಟಿಗೆಗೆ ಹೋಗುತ್ತೆ. ಕಾಲಿಗೆ ಏನಾದ್ರೂ ಕಟ್ಕೊಂಡಾದ್ರೂ ನಿಂತ್ಕ" ಅಂದ್ರು.

ಏಳು ತಿಂಗಳಿಗೆ ಹಂಚಿದ್ರೆ ತಿಂಗಳಿಗೆ ಐದೂವರೆ ಸಾವಿರ ಜಾಸ್ತಿ ಸಂಬಳ ಬಂದ ಹಾಗೆ. ಆ ಲೆಕ್ಕದಲ್ಲಿ ಎರಡು ಜೊತೆ ಸ್ಟಾಕಿಂಗ್ಸ್‌ನ 2,900 ದುಬಾರಿ ಅಲ್ಲ. ಹೀಗಾಗಿ ಕಾಲುಚೀಲ ಕೊಂಡೆ.

ನಮ್ಮಪ್ಪ ಚೌಕಿಪೇಟೆಯಲ್ಲಿ ಜವಳಿ ಅಂಗಡಿಯಲ್ಲಿ ಇದ್ದೋರು. ಅಲ್ಲಿ ಬಿಳಿ ಗಾದಿ ಹಾಸಿರೋದು. ಅಪ್ಪ ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸೀರೆ ಬಿಚ್ಚಿ ಹಾಸೋರು, ಗಿರಾಕಿನೂ ಎದುರಿಗೆ ಕೂತು ನೋಡೋರು. ಅವರೇನು ದೊಡ್ಡ ಸಂಬಳ ತಗೊಳ್ಳಲಿಲ್ಲ, ಸಾವ್ಕಾರ್ರ ಬೈಗುಳನೂ ತಿಂದ್ರು. ಆದ್ರೆ ಕೂತು ತಿಂದ್ರು. ಶೋರೂಮ್ ಬಂದ ಮೇಲೆ ಗಾದಿ ಹೋಯ್ತು, ಗಿರಾಕಿಗೆ ಸೋಫಾ ಬಂತು, ನಮಗೆ ನೆಲ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದೋರಿಗೆ ಕೂರೋಕೆ ಆಸನ ಕೊಡಲೇಬೇಕು ಅಂತ ಕಾನೂನು ಬಂದಿದೆ. ಕೇರಳದಲ್ಲಿ ಅದಕ್ಕಾಗಿ ಬಟ್ಟೆ ಅಂಗಡಿ ಹೆಂಗಸರೇ ಹೋರಾಟ ಮಾಡಿದ್ರಂತೆ. ನಮ್ಮ ಕೌಂಟರಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇತ್ತು, ಮೇಲಿನ ರ‍್ಯಾಕಿನ ಸೀರೆ ತೆಗೆಯೋಕೆ. ಗಿರಾಕಿ ಇಲ್ಲದಾಗ ನಾಲ್ಕು ಜನ ಸರದಿ ಮೇಲೆ ಎರಡೆರಡು ನಿಮಿಷ ಕೂರ್ತಿದ್ವಿ, ಕ್ಯಾಮೆರಾಗೆ ಕಾಣದ ಹಾಗೆ ಕಂಬದ ಮರೆಯಲ್ಲಿ.

ವರಮಹಾಲಕ್ಷ್ಮಿ ಹಬ್ಬದ ವಾರ, ಆಗಸ್ಟ್ ಮೊದಲಲ್ಲಿ, ಆ ಸ್ಟೂಲ್ ಹೋಯ್ತು. ಬದಲಿಗೆ ಅಲ್ಯೂಮಿನಿಯಂ ಏಣಿ ಬಂತು. ಏಣಿ ಮೇಲೆ ಕೂರೋಕಾಗಲ್ಲ ನೋಡಿ. ನಾನು ಸೂಪರ್‌ವೈಸರ್‌ಗೆ ಹೇಳ್ದೆ, "ಸರ್, ಹಬ್ಬದ ವಾರ, ಸ್ಟೂಲ್ ಇರ್ಲಿ ಸರ್, ನನಗೆ ಕಾಲು ಗೊತ್ತಲ್ಲ." ಅವನು ನನ್ನ ಕಾಲು ನೋಡಿ ಹೇಳಿದ್ದು: "ನೀವು ಸಾಕ್ಸ್ ಹಾಕ್ಕೊಂಡಿದ್ದೀರಲ್ಲ ಅಕ್ಕಾ, ಇನ್ನೇನು?"

ಕೆಟ್ಟ ಹುಡುಗ ಅಲ್ಲ ಅವನು. ಅವನ ಕೆಲಸವೂ ನಿಂತೇ ಮಾಡೋದು. ಆದ್ರೆ ಆ ಮಾತು ಕೇಳಿ ನನ್ನ ಕಾಲಿಗಿದ್ದ ಚೀಲ ಯಾರ ಪರ ಕೆಲಸ ಮಾಡ್ತಿದೆ ಅಂತ ಗೊತ್ತಾಗದ ಹಾಗಾಯ್ತು. ನಾನು ನನ್ನ ದುಡ್ಡಲ್ಲಿ ಕೊಂಡೆ, ನನ್ನ ಕಾಲಿಗೆ ಅಂತ ಕೊಂಡೆ, ಅದರಿಂದ ಅಂಗಡಿಗೆ ಒಂದು ಸ್ಟೂಲ್ ಉಳಿತಾಯ ಆಯ್ತು. ಇದಕ್ಕೆ ಸ್ಟಾಕಿಂಗ್ಸ್‌ನ ಸ್ಟಾರ್ ಕಳೆಯೋದು ನ್ಯಾಯ ಅಲ್ಲ, ಆದ್ರೂ ಅರ್ಧ ಕಳೆದಿದೀನಿ.

ಅದೇ ಶುಕ್ರವಾರ ರಾತ್ರಿ ಸೀರೆ ಮಡಚ್ತಾ ಇದ್ವಿ. ಹೊಸದಾಗಿ ಸೇರಿದ ಹುಡುಗಿ, ಇಪ್ಪತ್ತೆರಡು ವಯಸ್ಸು, ಸೇರಿ ಇನ್ನೂ ಎರಡು ವರ್ಷ ಆಗಿಲ್ಲ, ಮೆತ್ತಗೆ ಕೇಳಿದ್ಲು: "ಅಕ್ಕಾ, ನಿಮ್ಮ ಸಾಕ್ಸ್ ಎಲ್ಲಿ ಸಿಗುತ್ತೆ? ನಂಗೂ ಒಂದು ಜೊತೆ ತಂದ್ಕೊಡ್ರಿ, ಸಂಬಳ ಬಂದಾಗ ಕೊಡ್ತೀನಿ." ಲಂಗ ಸ್ವಲ್ಪ ಎತ್ತಿ ಕಾಲು ತೋರಿಸಿದ್ಲು. ಇನ್ನೂ ನರ ಎದ್ದಿಲ್ಲ, ಬಾತುಕೊಂಡಿತ್ತು ಅಷ್ಟೇ. ಬೆರಳಲ್ಲಿ ಒತ್ತಿದ್ರೆ ಗುಳಿ ಬಿದ್ದು ಹಾಗೇ ಉಳೀತು. ನನಗೆ ಅವತ್ತು ಸಿಟ್ಟೂ ಬರಲಿಲ್ಲ, ಅಳೂ ಬರಲಿಲ್ಲ. ಮನೆಗೆ ಬಂದು ಊಟ ಮಾಡಿ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ರಾಜೀನಾಮೆ ಬರೆದೆ, ದಿನಾಂಕ ಬಿಟ್ಟು. ಸೆಪ್ಟೆಂಬರ್ ಮೊದಲ ವಾರ ದಿನಾಂಕ ತುಂಬಿ ಕೊಟ್ಟೆ. ಕೊನೆಯ ದಿನ ಅಕ್ಟೋಬರ್ 4, ಆಯುಧಪೂಜೆ, ವಿಜಯದಶಮಿ ಮುಗಿಸಿ.

"ದೀಪಾವಳಿ ಮುಂದಿಟ್ಕೊಂಡು ಹಿಂಗೆ ಮಾಡ್ತಾರೇನಮ್ಮಾ?" ಅಂದ್ರು ಸಾವ್ಕಾರ್ರು. ಐದು ವರ್ಷದಲ್ಲಿ ಅವರು ನನ್ನ ಜೊತೆ ನೇರ ಮಾತಾಡಿದ್ದು ಅದು ಎರಡನೇ ಸಲ. ಸಂಬಳ ಐನೂರು ಏರಿಸ್ತೀನಿ ಅಂದ್ರು. ಸ್ಟೂಲ್ ವಾಪಸ್ ಇಡ್ತೀನಿ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಗ್ರಾಚ್ಯುಟಿ ಕೇಳಿದಾಗ ಅಕೌಂಟ್ಸ್‌ನೋರು ತೆಗೆದ ವರಸೆ ಕೇಳಿ, ನಿಮಗೂ ಬೇಕಾಗಬಹುದು. "2021ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತ್ತು, ಆ ದಿನ ಕಳೆದ್ರೆ ನಿಮಗೆ ಐದು ವರ್ಷ ಆಗಲ್ಲ" ಅಂದ್ರು. ಮಾವ ಇದನ್ನ ಮೊದಲೇ ಊಹಿಸಿದ್ರು. ಕೆಲಸಗಾರರ ತಪ್ಪಿಲ್ಲದೆ ಅಂಗಡಿ ಮುಚ್ಚಿದ್ರೆ ಸೇವೆ ತುಂಡಾಗಲ್ಲ, ವರ್ಷದಲ್ಲಿ 240 ದಿನ ಕೆಲಸ ಮಾಡಿದ್ರೆ ಆ ವರ್ಷ ಪೂರ್ತಿ ಲೆಕ್ಕ. ನನ್ನ ಹತ್ರ ನೇಮಕದ ಪತ್ರ ಇರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಇದ್ದಿದ್ದು ಪಿಎಫ್ ಪಾಸ್‌ಬುಕ್. ಅದರಲ್ಲಿ ತಿಂಗಳು ತಿಂಗಳು ನನ್ನ 12 ಪರ್ಸೆಂಟ್ ಕೂತಿತ್ತು. ಅದನ್ನ ಸರ್ಕಾರದ ಉಮಂಗ್ ಆ್ಯಪಿನಲ್ಲಿ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಅರ್ಜಿ ಜೊತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ, ಸ್ವೀಕೃತಿ ಚೀಟಿ ಸಮೇತ. ಮೂವತ್ತು ದಿನದೊಳಗೆ ಕೊಡಬೇಕು ಅನ್ನೋದು ನಿಯಮ. ನನಗೆ ಚೆಕ್ ಕೊಟ್ಟಿದ್ದು ಐವತ್ತೆರಡನೇ ದಿನ, ಅದೂ ಮಾವ ಕಾರ್ಮಿಕ ಇಲಾಖೆ ಕಚೇರಿಗೆ ಕೊಡೋ ಅರ್ಜಿಯ ನಕಲನ್ನ ಅವರ ಕೌಂಟರ್ ಮೇಲೆ ಇಟ್ಟು ಬಂದ ಮೇಲೆ. ಪೂರ್ತಿ 38,942. ಮಾವ ಚೆಕ್ಕನ್ನ ದೇವರ ಮುಂದೆ ಇಡೋಕೂ ಬಿಡದೆ ನೇರ ಬ್ಯಾಂಕಿಗೆ ಕರ್ಕೊಂಡು ಹೋದ್ರು.

ಈಗ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ತೀನಿ, ಫಾಲ್ಸ್ ಹಾಕ್ತೀನಿ. ಸಾದಾ ಕುಚ್ಚಿಗೆ 300, ಮಣಿ ಹಾಕಿದ್ರೆ 800ರವರೆಗೆ. ತಿಂಗಳಿಗೆ ಎಂಟು ಸಾವಿರ ದಾಟಿದ್ರೆ ಪುಣ್ಯ, ಮದುವೆ ಇಲ್ಲದ ತಿಂಗಳು ನಾಲ್ಕೇ ಸಾವಿರ. ಕೂತು ಕೂತು ಕುತ್ತಿಗೆ ಹಿಡಿಯುತ್ತೆ, ಕಣ್ಣು ಉರಿಯುತ್ತೆ. ಇಎಸ್‌ಐ ಇಲ್ಲ. ಮಗಳ ಫೀಸು ಕಟ್ಟಿದ್ದು ಗ್ರಾಚ್ಯುಟಿ ದುಡ್ಡಲ್ಲಿ, ಅದು ಅಲ್ಲಿಗೆ ಮುಗೀತು. ಎರಡನೇ ಜೊತೆ ಸ್ಟಾಕಿಂಗ್ಸ್ ಇನ್ನೂ ಬಿಗಿ ಇದೆ, ದೂರ ಬಸ್ಸಲ್ಲಿ ಹೋಗುವಾಗ ಹಾಕ್ಕೊಳ್ತೀನಿ. ನರ ಹಾಗೇ ಇದೆ, ಡಾಕ್ಟರು ಹೇಳಿದ್ದು ಸುಳ್ಳಲ್ಲ.

ಆ ಹುಡುಗಿ ಇನ್ನೂ ಅಲ್ಲೇ ಇದ್ದಾಳೆ. ಕುಚ್ಚಿಗೆ ಅಂತ ಅಂಗಡಿ ಗಿರಾಕಿಗಳನ್ನ ಗುಟ್ಟಾಗಿ ನನ್ನ ಕಡೆ ಕಳಿಸ್ತಾಳೆ. ಹೋದ ಭಾನುವಾರ ಬೆಳಿಗ್ಗೆ ಅಳತೆ ತಗೊಂಡು ಮೆಸೇಜ್ ಹಾಕಿದ್ಲು: ಗಂಟು 20, ಮೀನಖಂಡ 31. ಅಷ್ಟು ಸಣ್ಣ ಸೈಜು ಅಂಗಡಿಯಲ್ಲಿ ಇರಲಿಲ್ಲ. "ಹೆಚ್ಚು ಹೋಗಲ್ಲ ಅಕ್ಕಾ, ಇದು ವಯಸ್ಸಾದೋರು ತಗೊಳ್ಳೋದಲ್ವಾ" ಅಂದ ಸರ್ಜಿಕಲ್ ಅಂಗಡಿ ಹುಡುಗ. ಬೆಂಗಳೂರಿಂದ ತರಿಸ್ತಾನಂತೆ, ಗುರುವಾರ ಬರುತ್ತೆ. ಬೆರಳು ತೆರೆದಿರೋದೇ ಬೇಕು ಅಂತ ಹೇಳಿದೀನಿ, ಅವಳಿಗೂ ಮಾಘದಲ್ಲಿ ಮದುವೆ.